ಸ್ಕ್ಯಾನ್‌ನಲ್ಲಿ ಕಂಡ ನೆಟ್ಟನೆಯ ಗೆರೆ

ಐವತ್ತರ ಆಸುಪಾಸಿನವರೊಬ್ಬರು ಗ್ಲಾಕೋಮಾ (ಹೆಚ್ಚಾಗಿ ಕಣ್ಣಿನ ಪ್ರೆಶರ್ ಏರಿ ದೃಷ್ಟಿನರ ಹಾಳಾಗುವ ರೋಗ) ಇದೆ ಅಂತ ಎರಡು ವರ್ಷದಿಂದ ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದರು. ನನ್ನ ಹತ್ತಿರ ಬಂದಾಗ ಕಣ್ಣಿನ ಪ್ರೆಶರ್ 13 ಇತ್ತು. ಡ್ರಾಪ್ಸ್ ಶುರುವಾಗುವ ಮೊದಲೂ 16 ದಾಟಿರಲಿಲ್ಲ. "ಒಂದು ದಿನವೂ ತಪ್ಪಿಸಿಲ್ಲ ಡಾಕ್ಟ್ರೇ, ಆದರೂ ಮಂಜಾಗ್ತಿದೆ" ಎಂದರು. ಆ ಮಾತು ನನ್ನನ್ನು ಕೊರೆಯಿತು.

ಪ್ರೆಶರ್ ನಾರ್ಮಲ್ ಇದ್ದೂ ಗ್ಲಾಕೋಮಾ ಬರುತ್ತದೆ, ನಿಜ. ಆದರೆ ಕಣ್ಣಿನ ಒಳಹಿಂಭಾಗ ತೋರಿಸುವ ಫಂಡಸ್ ಫೋಟೋದಲ್ಲಿ ಒಂದು ವಿಷಯ ಹೊಂದುತ್ತಿರಲಿಲ್ಲ. ಗ್ಲಾಕೋಮಾದಲ್ಲಿ ದೃಷ್ಟಿನರದ ತಲೆಯ (ಅದು ಕಣ್ಣಿಗೆ ಸೇರುವ ಜಾಗದ) ನಡುವಿನ ಗುಂಡಿ ದೊಡ್ಡದಾಗುತ್ತದೆ, ಸುತ್ತ ಉಳಿದ ಅಂಚು ಸಾಮಾನ್ಯವಾಗಿ ಗುಲಾಬಿ ಬಣ್ಣದಲ್ಲೇ ಇರುತ್ತದೆ. ಇವರಿಗೆ ಗುಂಡಿ ಅಷ್ಟೇನೂ ದೊಡ್ಡದಿಲ್ಲ, ಅಂಚೇ ಬಿಳಚಿಕೊಂಡಿತ್ತು.

ಓಸಿಟಿ ಎಂಬ ಕಣ್ಣಿನ ಸ್ಕ್ಯಾನ್ ಮಾಡಿಸಿದೆ. 1991ರಲ್ಲಿ ಮೊದಲು ಪ್ರಕಟವಾದ ಈ ವಿಧಾನದಲ್ಲಿ ಬೆಳಕನ್ನು ಬಿಟ್ಟು, ಮರಳಿ ಬರುವ ಬೆಳಕಿನಿಂದ ರೆಟಿನಾದ (ಕಣ್ಣಿನ ಒಳಪರದೆಯ) ಪದರಗಳ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತೇವೆ. ದೃಷ್ಟಿನರದಲ್ಲಿ ಹತ್ತು ಲಕ್ಷದಷ್ಟು ಎಳೆಗಳಿವೆ. ಅವು ಸತ್ತಷ್ಟೂ ರೆಟಿನಾದಲ್ಲಿ ಅವುಗಳ ಪದರ ತೆಳುವಾಗುತ್ತದೆ. ಮಷೀನ್ ಅದನ್ನು ಆರೋಗ್ಯವಂತರ ಅಳತೆಗೆ ಹೋಲಿಸಿ ಹಸಿರು, ಹಳದಿ, ಕೆಂಪು ಬಣ್ಣ ಕೊಡುತ್ತದೆ. ಕೆಂಪು ಅಂದರೆ ತೆಳು ಅಂತ ಮಾತ್ರ. ಯಾಕೆ ತೆಳುವಾಯಿತು ಅಂತ ಅದು ಹೇಳುವುದಿಲ್ಲ. ಜಾಸ್ತಿ ಮೈನಸ್ ಪವರ್ ಇರುವ ಕಣ್ಣಿನಲ್ಲಿ ರೋಗವಿಲ್ಲದೆಯೂ ಕೆಂಪು ಬರಬಹುದು.

ಮೊದಲ ಸ್ಕ್ಯಾನ್‌ನಲ್ಲಿ ಸಿಗ್ನಲ್ ಕಡಿಮೆ ಇತ್ತು. ಕಣ್ಣು ಒಣಗಿತ್ತು. ಕೃತಕ ಕಣ್ಣೀರಿನ ಒಂದು ಹನಿ ಹಾಕಿ, ನಾಲ್ಕೈದು ಸಲ ರೆಪ್ಪೆ ಬಡಿಯಲು ಹೇಳಿ ಮತ್ತೆ ತೆಗೆದೆವು. ನಂತರ ಮಷೀನ್ ಎಳೆದ ಪದರದ ಗೆರೆ ಸರಿಯಾದ ಜಾಗದಲ್ಲೇ ಇದೆಯಾ ಅಂತ ಒಂದೊಂದೇ ಚಿತ್ರ ನೋಡಿದೆ. ಗೆರೆ ಜಾರಿದ್ದರೆ ಮುಂದಿನ ಅಂಕಿಯೆಲ್ಲ ಸುಳ್ಳಾಗುತ್ತದೆ. ಈ ಐದು ನಿಮಿಷವನ್ನು ನಾನು ಎಂದೂ ಉಳಿಸುವುದಿಲ್ಲ.

ನರದ ಸುತ್ತಲಿನ ಸರಾಸರಿ ದಪ್ಪ ಕಡಿಮೆ ಬಂತು. ಅಲ್ಲಿಗೇ ನಿಲ್ಲಿಸಿದ್ದರೆ ನಾನೂ ಗ್ಲಾಕೋಮಾ ಅಂತಲೇ ಬರೆಯುತ್ತಿದ್ದೆನೇನೋ. ಮುಂದಿನ ಪುಟದಲ್ಲಿ ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದ ಗ್ಯಾಂಗ್ಲಿಯಾನ್ ಕೋಶಗಳ (ದೃಷ್ಟಿನರದ ಎಳೆಗಳು ಹೊರಡುವ ಕೋಶಗಳ) ನಕ್ಷೆ ಇತ್ತು. ಎರಡೂ ಕಣ್ಣಿನಲ್ಲಿ ಮೂಗಿನ ಕಡೆಯ ಅರ್ಧ ಮಾತ್ರ ಕೆಂಪು. ಅಕ್ಕಪಕ್ಕ ಇಟ್ಟಾಗ ಕೆಂಪು ಅರ್ಧಗಳು ಎದುರುಬದುರು ನಿಂತಿದ್ದವು. ಒಂದೊಂದು ನಕ್ಷೆಯ ನಡುವೆಯೂ ಸ್ಕೇಲ್ ಇಟ್ಟು ಗೀಚಿದಂತೆ ಮೇಲಿನಿಂದ ಕೆಳಕ್ಕೆ ನೆಟ್ಟನೆಯ ಗೆರೆ.

ಗ್ಲಾಕೋಮಾ ಹಾಗೆ ತಿನ್ನುವುದಿಲ್ಲ. ಅದು ಹೆಚ್ಚಾಗಿ ಮೇಲೆ ಅಥವಾ ಕೆಳಗೆ ಬಿಲ್ಲಿನಂತೆ ಬಾಗಿ ಹೋಗುತ್ತದೆ, ಅದರ ಗಡಿ ಅಡ್ಡಗೆರೆ. ಟಿಬಿಗೆ ಕೊಡುವ ಎಥಾಂಬ್ಯುಟಾಲ್‌ನಿಂದ ಅಥವಾ ಬಿ12 ಕೊರತೆಯಿಂದ ಹಾನಿಯಾದರೆ ಮ್ಯಾಕ್ಯುಲಾದಿಂದ ಬರುವ ಎಳೆಗಳಿಗೆ ಮೊದಲು ಪೆಟ್ಟು. ತಲೆಯೊಳಗೆ ಪ್ರೆಶರ್ ಏರಿದರೆ ಪದರ ಶುರುವಿನಲ್ಲಿ ತೆಳುವಾಗುವ ಬದಲು ಊದುತ್ತದೆ. ನೆಟ್ಟನೆಯ ಗೆರೆ ಮಾತ್ರ ಕಣ್ಣಿನ ಹಿಂದೆ, ಎರಡೂ ನರಗಳು ಸೇರುವ ಕಯಾಸ್ಮಾದ ಕಡೆ ಬೊಟ್ಟು ಮಾಡುತ್ತದೆ. ಹೊರಬದಿಯ ನೋಟವನ್ನು ಹೊರುವ, ಮೂಗಿನ ಕಡೆಯ ರೆಟಿನಾದ ಎಳೆಗಳು ಅಲ್ಲೇ ಆಚೆ ಬದಿಗೆ ದಾಟುತ್ತವೆ.

"ನಡೆಯುವಾಗ ಬಾಗಿಲ ಚೌಕಟ್ಟು ತಾಗುತ್ತಾ?" ಎಂದು ಕೇಳಿದೆ. "ಹೌದು, ಎರಡೂ ಭುಜಕ್ಕೆ" ಎಂದರು. ನೋಟದ ಹರವು ಅಳೆಯುವ ಫೀಲ್ಡ್ ಟೆಸ್ಟ್‌ನಲ್ಲಿ ಎರಡೂ ಹೊರಬದಿ ಕಪ್ಪು. ಎಂಆರ್‌ಐ ಮಾಡಿಸಿದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆ ಕೆಳಗಿನಿಂದ ಕಯಾಸ್ಮಾವನ್ನು ಒತ್ತಿತ್ತು.

ಸರ್ಜರಿಗೆ ಮೊದಲು ಅವರ ಹೆಂಡತಿ ದೃಷ್ಟಿ ವಾಪಸ್ ಬರುತ್ತಾ ಎಂದು ಕೇಳಿದರು. ಪದರ ಎಷ್ಟು ಉಳಿದಿದೆಯೋ ಅದರ ಮೇಲೆ ಆಸೆ ಇಡಬಹುದು, ಪೂರ್ತಿ ಬರುತ್ತದೆಂದು ಹೇಳಲಾರೆ ಎಂದೆ. ಆಪರೇಷನ್ ಆಗಿ ಮೂರು ತಿಂಗಳಿಗೆ ಫೀಲ್ಡ್ ಟೆಸ್ಟ್ ಒಳ್ಳೆಯದಾಗಿತ್ತು, ಅಂಚಿನ ಕಪ್ಪು ಸ್ವಲ್ಪ ಉಳಿದಿತ್ತು. ಓಸಿಟಿಯ ಆ ಕೆಂಪು ಅರ್ಧಗಳು ಹಾಗೆಯೇ ಇದ್ದವು. ಸತ್ತ ಎಳೆ ಮತ್ತೆ ಬೆಳೆಯುವುದಿಲ್ಲ. ಗ್ಲಾಕೋಮಾ ಡ್ರಾಪ್ಸ್ ಅಷ್ಟರಲ್ಲಿ ನಿಲ್ಲಿಸಿಯಾಗಿತ್ತು.