ಗಾಂಜಾ ಕೇಸಿನ ಹುಡುಗನನ್ನು ದಂಡದ ಬದಲು ಚಿಕಿತ್ಸೆಯ ದಾರಿಗೆ ಹಚ್ಚುವುದು: ಬೆಳಗಾವಿಯ ಅನುಭವ

"ದಂಡ ಕಟ್ಟಿ ಮುಗಿಸಿಬಿಡೂಣ್ರಿ ವಕೀಲ ಸಾಹೇಬ್ರ." ಗಾಂಜಾ ಸೇದಿ ಸಿಕ್ಕಿಬಿದ್ದ ಹುಡುಗರ ಅಪ್ಪಂದಿರು ಮೊದಲು ಹೇಳುವುದು ಇದನ್ನೇ. ಕಾನೂನು ನೆರವಿನ ಕೇಸು ನಡೆಸುವ ನಾನು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆಯ ಕಲಂ 27(ಬಿ) ಪ್ರಕಾರ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಸಜೆ ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೂ ಅದು ಶಿಕ್ಷೆಯಾದ ಕೇಸೇ. ಮರಾಠಾ ಲೈಟ್ ಇನ್‌ಫ್ಯಾಂಟ್ರಿಯ ಕೇಂದ್ರವಿರುವ ಈ ಊರಿನಲ್ಲಿ ಮಿಲಿಟರಿ ಭರ್ತಿಗೆಂದು ನಸುಕಿನಲ್ಲೆದ್ದು ಓಡುವ ಹುಡುಗರಿಗೆ ಶಿಕ್ಷೆಯಾಗಿದೆ ಎಂಬ ಆ ಒಂದು ಸಾಲು ಬಹಳ ದುಬಾರಿ.

ಎಚ್ಚರಿಕೆ ಕೊಟ್ಟು ಠಾಣೆಯಿಂದಲೇ ಮನೆಗೆ ಕಳಿಸುವ ವ್ಯವಸ್ಥೆ ಈ ಕಾಯ್ದೆಯಲ್ಲಿಲ್ಲ. ಇರುವ ಬಾಗಿಲು ಕಲಂ 64ಎ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮುಂದೆ ಬಂದು, ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೇ ಅವು ಮಾನ್ಯ ಮಾಡಿದ ಕಡೆ ಚಿಕಿತ್ಸೆ ಪಡೆದರೆ ಅವನ ಮೇಲೆ ವಿಚಾರಣೆ ನಡೆಸುವಂತಿಲ್ಲ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. ಗಾಂಜಾದಲ್ಲಿ ಸಣ್ಣ ಪ್ರಮಾಣವೆಂದರೆ ಒಂದು ಕೆ.ಜಿ.ವರೆಗೆ, ಆದ್ದರಿಂದ ತೂಕದ ತಕರಾರು ಅಪರೂಪ.

ಕಾಗದ ಕೈಗೆ ಬಂದಕೂಡಲೇ ನಾನು ನೋಡುವುದು ಎಫ್‌ಐಆರ್‌ನಲ್ಲಿ ಬರೀ 27 ಇದೆಯೋ, ಜೊತೆಗೆ ಗಾಂಜಾ ಇಟ್ಟುಕೊಂಡಿದ್ದಕ್ಕೆ ಹಾಕುವ 20(ಬಿ) ಕೂಡ ಇದೆಯೋ ಎಂದು. ಇದು ಮುಂದೆ ಎಲ್ಲವನ್ನೂ ನಿರ್ಧರಿಸುತ್ತದೆ. 64ಎ ಇರುವುದು ವ್ಯಸನಿಗೆ ಮಾತ್ರ. ಗೆಳೆಯರ ಜೊತೆ ಎರಡು ದಮ್ಮು ಎಳೆದ ಹುಡುಗ ವ್ಯಸನಿಯಲ್ಲ. ಅವನಿಗೆ ಉಳಿಯುವುದು, ಜೈಲಿಗೆ ಕಳಿಸದೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಆದರೆ ಎನ್‌ಡಿಪಿಎಸ್‌ನ ಕಲಂ 33ರ ಪ್ರಕಾರ, ಹದಿನೆಂಟು ತುಂಬಿದವರಿಗೆ ಆ ಕಾಯ್ದೆ ಸಿಗುವುದು ಕಲಂ 26 ಮತ್ತು 27ರ ಶಿಕ್ಷೆಗೆ ಮಾತ್ರ. ಜೇಬಿನಲ್ಲಿ ಹತ್ತು ಗ್ರಾಂ ಪಾಕೀಟು ಸಿಕ್ಕಿ 20(ಬಿ) ಸೇರಿತೆಂದರೆ, ಕಡಿಮೆ ಸೇದಿದ ಹುಡುಗನಿಗೇ ದಾರಿ ಇಕ್ಕಟ್ಟಾಗುತ್ತದೆ. ಇದು ನನಗೆ ಅನ್ಯಾಯವೆಂದೇ ಅನಿಸುತ್ತದೆ. ಹಾಗಂತ ವ್ಯಸನಿಯಲ್ಲದವನನ್ನು ವ್ಯಸನಿ ಎಂದು ಬರೆಸಿಕೊಡಿ ಎಂದು ವೈದ್ಯರನ್ನು ಕೇಳಲೇಬಾರದು.

ನಿಜವಾಗಿ ಚಟಕ್ಕೆ ಬಿದ್ದವನಾದರೆ ಜಾಮೀನಾದ ವಾರದೊಳಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಬೇಕು. ಒಳರೋಗಿಯಾಗಿ ಇರಬೇಕಾದರೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ದಿಢೀರ್ ತಲೆಯೆತ್ತುವ ಖಾಸಗಿ ವ್ಯಸನಮುಕ್ತಿ ಕೇಂದ್ರಗಳಿಗೆ ದುಡ್ಡು ಸುರಿದು ಬಂದವರ ಸರ್ಟಿಫಿಕೇಟು, ಆ ಕೇಂದ್ರಕ್ಕೆ ಮಾನ್ಯತೆ ಇಲ್ಲದಿದ್ದರೆ 64ಎಗೆ ನಡೆಯದು. ಸೇರಿಸುವ ಮೊದಲೇ ಮಾನ್ಯತಾ ಪತ್ರದ ನಕಲು ಕೇಳಿ ಇಟ್ಟುಕೊಳ್ಳಿ.

64ಎ ಕೋರುವ ಹೆಚ್ಚು ಅರ್ಜಿಗಳು ಬಿದ್ದುಹೋಗುವುದು ಬರೀ ಒಪಿಡಿ ಚೀಟಿಯನ್ನು ನೆಚ್ಚಿಕೊಂಡಾಗ. "ಗಾಂಜಾ ಸೇವನೆಯ ಇತಿಹಾಸವಿದೆ" ಎಂಬ ಒಂದು ಸಾಲು, ಕೆಳಗೆ ಎರಡು ಮಾತ್ರೆಯ ಹೆಸರು. ಕಾಯ್ದೆಯಲ್ಲಿ ವ್ಯಸನಿ ಎಂದರೆ ಅವಲಂಬನೆ ಇರುವವನು. ಹಾಗಾಗಿ ವೈದ್ಯರಿಗೆ ಒಂದು ಪುಟದ ಪತ್ರ ಕೊಟ್ಟು ಇಷ್ಟನ್ನು ಕೇಳುತ್ತೇನೆ: ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ, ಬಿಟ್ಟಾಗ ನಿದ್ದೆ, ಊಟ, ಸಿಟ್ಟು ಹೇಗಿದ್ದವು, ರೋಗನಿರ್ಣಯ ಏನು, ಚಿಕಿತ್ಸೆ ಎಷ್ಟು ವಾರದ್ದು. ಗಾಂಜಾ ಅವಲಂಬನೆಗೆ, ರೋಗಗಳ ಅಂತರರಾಷ್ಟ್ರೀಯ ಪಟ್ಟಿಯಾದ ಐಸಿಡಿ-10ರಲ್ಲಿ ಎಫ್12.2 ಎಂಬ ಸಂಖ್ಯೆ. ಎಫ್12.1 ಎಂದರೆ ಹಾನಿಕರ ಬಳಕೆ, ಅವಲಂಬನೆಯಲ್ಲ. ಆ ಒಂದು ಅಂಕಿಯನ್ನು ಸರ್ಕಾರಿ ವಕೀಲರಾದ ಎಪಿಪಿಯವರು ಬಿಡದೆ ನೋಡುತ್ತಾರೆ.

ಅರ್ಜಿಯ ಒಂದು ಪ್ರತಿಯನ್ನು ತನಿಖಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ನೊಂದು ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ನ್ಯಾಯಾಲಯಕ್ಕೆ, ಚಿಕಿತ್ಸೆ ಮುಗಿಯುವ ತನಕ ಮುದ್ದತ್ತು ಕೊಡಿ ಎಂಬ ಬಿನ್ನಹದೊಂದಿಗೆ. "ಆರೋಪವನ್ನು ಒಪ್ಪಿಕೊಳ್ಳದೆ" ಎಂಬ ಮಾತು ಮೊದಲ ಸಾಲಿನಲ್ಲೇ ಇರಲಿ. ಇಲ್ಲದಿದ್ದರೆ ಅರ್ಜಿಯೇ ತಪ್ಪೊಪ್ಪಿಗೆಯಂತೆ ಓದಿಸಿಕೊಂಡೀತು. ಅಷ್ಟರಲ್ಲಿ ಶಿಕ್ಷೆಯ ತೀರ್ಮಾನವೇ ಆಗಿದ್ದರೂ ಕಲಂ 39 ಉಳಿದಿರುತ್ತದೆ. ಆಗ ಮುಚ್ಚಳಿಕೆ ಬರೆದುಕೊಟ್ಟು ಚಿಕಿತ್ಸೆಗೆ ಹೋಗಬೇಕು, ಹೆಚ್ಚೆಂದರೆ ಒಂದು ವರ್ಷದೊಳಗೆ ವರದಿ ಒಪ್ಪಿಸಬೇಕು.

ಮೂತ್ರ ಪರೀಕ್ಷೆಯ ಬಗ್ಗೆ ಮನೆಯವರಿಗೆ ಮೊದಲೇ ತಿಳಿಸಿರಬೇಕು. ಒಮ್ಮೆ ಸೇದಿದವನಲ್ಲಿ ಗಾಂಜಾದ ಅಂಶ ಸುಮಾರು ಮೂರು ದಿನ ಕಾಣುತ್ತದೆ. ದಿನಾ ಸೇದುತ್ತಿದ್ದವನಲ್ಲಿ ಅದು ಕೊಬ್ಬಿನಲ್ಲಿ ಸೇರಿಕೊಂಡು ಬಿಟ್ಟ ತಿಂಗಳವರೆಗೂ ಇಳಿಯುತ್ತಿರುತ್ತದೆ. ಇಪ್ಪತ್ತನೇ ದಿನ ಕಿಟ್ಟಿನಲ್ಲಿ ಪಾಸಿಟಿವ್ ಬಂತೆಂದು ಅವ್ವ ಅಳುತ್ತಾಳೆ, ಅಪ್ಪ ಕೈ ಎತ್ತುತ್ತಾನೆ, ಹುಡುಗ "ಹೆಂಗಿದ್ರೂ ನಂಬಂಗಿಲ್ಲಲಾ" ಎಂದು ಮತ್ತೆ ಚಿಲುಮೆ ಹಿಡಿಯುತ್ತಾನೆ. ಮೊದಲ ತಿಂಗಳ ಪಾಸಿಟಿವ್ ವರದಿಯೊಂದೇ ಅವನು ಮಾತು ತಪ್ಪಿದ್ದಕ್ಕೆ ಸಾಕ್ಷಿಯಲ್ಲ ಎಂದು ವೈದ್ಯರಿಂದಲೇ ಬರೆಸಿ ಕಡತಕ್ಕೆ ಸೇರಿಸಿಡುತ್ತೇನೆ. ನಿದ್ದೆಗೇಡು, ಸಿಡುಕು ಮೊದಲ ವಾರ ಜೋರು. ಆ ವಾರ ಅವನನ್ನು ಒಬ್ಬನೇ ಬಿಡಬೇಡಿ.

ಹದಿನೆಂಟು ತುಂಬದ ಮಗುವಾದರೆ ದಾರಿಯೇ ಬೇರೆ. ಇಷ್ಟು ಸಣ್ಣ ಕೇಸಿಗೆ ಸಾಮಾನ್ಯವಾಗಿ ಎಫ್‌ಐಆರ್ ಇಲ್ಲ. ಠಾಣಾ ದಿನಚರಿಯಲ್ಲಿ ದಾಖಲಿಸಿ, ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ವಯಸ್ಸಿನ ದಾಖಲೆಯನ್ನು, ಅಂದರೆ ಶಾಲೆಯ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರವನ್ನು, ಅದೇ ದಿನ ಠಾಣೆಗೆ ಒಯ್ಯಿರಿ.

ನ್ಯಾಯಾಲಯದ ಆದೇಶವಾದ ಮೇಲೆ ಎರಡು ದೃಢೀಕೃತ ನಕಲು ತೆಗೆಸಿ. ಒಂದು ಮನೆಯಲ್ಲಿರಲಿ, ಇನ್ನೊಂದನ್ನು ಠಾಣೆಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಅದು ತಲುಪದಿದ್ದರೆ ಹಬ್ಬದ ಬಂದೋಬಸ್ತಿಗೆ ಪೊಲೀಸರು ಆರೋಪಿಗಳ ಹಳೆಯ ಪಟ್ಟಿ ತೆಗೆದಾಗ ಹುಡುಗನ ಹೆಸರು ಅದರಲ್ಲೇ ಇರುತ್ತದೆ.