ಯೂರಿಯಾ ಹುಲ್ಲು ಮಾಡುವಾಗ ಬಕೆಟ್ ಮೇಲೆ ಕಣ್ಣಿರಲಿ

ಪುಣೆಯ ಹಡಪಸರದ ಆಚೆ ನಾಲ್ಕೈದು ಆಕಳು ಕಟ್ಟಿಕೊಂಡು ಹಾಲು ಮಾರುವ ನಮ್ಮ ವಿಜಯಪುರ, ಕಲಬುರ್ಗಿ ಕಡೆಯವರಿಗೆ ಬೇಸಿಗೆಯಲ್ಲಿ ಮಾವಳದ ಭತ್ತದ ಹುಲ್ಲೇ ಆಸರೆ. ಅದರಲ್ಲಿ ಪ್ರೋಟೀನ್ ಶೇ 3–4ರಷ್ಟೇ ಇರುತ್ತದೆ. ಯೂರಿಯಾ ಉಪಚಾರ ಮಾಡಿದರೆ, ಅಂದರೆ ಯೂರಿಯಾ ನೀರು ಚಿಮುಕಿಸಿ ಮೂರು ವಾರ ಮುಚ್ಚಿಟ್ಟರೆ, ಶೇ 7–8ಕ್ಕೆ ಏರುತ್ತದೆ. ಕಳೆದ ವರ್ಷ ಒಬ್ಬ ಅಜ್ಜಿ ಇದನ್ನು ನಂಬಿ ಹುಲ್ಲು ಒಟ್ಟಿದರು. ಆ ಹುಲ್ಲಿನ ಒಂದು ಎಸಳೂ ತಿನ್ನದೆ ಅವರ ಆಕಳು ಸತ್ತಿತು. ಯೂರಿಯಾ ಕರಗಿಸಿದ ಬಕೆಟ್ಟಿನಲ್ಲಿ ಮಿಕ್ಕಿದ್ದ ನೀರನ್ನು ಅದು ಕುಡಿದಿತ್ತು.

ಮೊದಲು ದನಗಳನ್ನು ದೂರ ಕಟ್ಟಿ. 100 ಕಿಲೊ ಒಣಹುಲ್ಲು, 4 ಕಿಲೊ ಯೂರಿಯಾ, 50 ಲೀಟರ್ ನೀರು ಸಾಕು. ಹುಲ್ಲು ಮುಚ್ಚಲು ತೆಳು ಪ್ಲಾಸ್ಟಿಕ್ ಹಾಳೆ ಬಳಸಿದರೆ ಅದು ಬಿಸಿಲಿಗೆ ಹರಿದು, ಯೂರಿಯಾದಿಂದ ಹುಟ್ಟುವ ಅಮೋನಿಯಾ ಅನಿಲ ಸೋರಿಹೋಗುತ್ತದೆ. ದಪ್ಪ ತಾಡಪತ್ರಿಯನ್ನೇ ತನ್ನಿ.

ಎಲ್ಲರೂ ತಪ್ಪುವುದು ಕರಗಿಸುವಾಗ. 4 ಕಿಲೊವನ್ನು ಒಂದೇ ಸಲ ಸುರಿಯಬೇಡಿ. 10 ಲೀಟರ್ ನೀರಿಗೆ 800 ಗ್ರಾಂ ತೂಗಿ ಹಾಕಿ. ಬೊಗಸೆ ಲೆಕ್ಕ ಬೇಡವೇ ಬೇಡ. ಯೂರಿಯಾ ಕರಗುವಾಗ ನೀರಿನ ಶಾಖವನ್ನು ಹೀರುತ್ತದೆ, ಬಕೆಟ್ಟಿನ ಹೊರಮೈ ಮುಟ್ಟಿದರೆ ತಣ್ಣಗಿರುತ್ತದೆ. ತಣ್ಣಗಾಯಿತೆಂದು ನಿಲ್ಲಿಸದೆ ಕೋಲನ್ನು ತಳಕ್ಕೆ ಒತ್ತಿ ನೋಡಿ. ಹರಳು ಕರಕರ ಎಂದರೆ ಇನ್ನೂ ಕಲಕಿ. 20 ಕಿಲೊ ಹುಲ್ಲು ಹರವಿ, ಈ 10 ಲೀಟರನ್ನು ಝಾರಿಯಲ್ಲಿ ಎಲ್ಲೆಡೆ ಸಮನಾಗಿ ಚಿಮುಕಿಸಿ, ಚೆನ್ನಾಗಿ ತುಳಿಯಿರಿ. ಹೀಗೆ ಐದು ಪದರ.

ಇಷ್ಟು ಕಟ್ಟುನಿಟ್ಟು ಏಕೆಂದರೆ, ರೂಢಿಯಿಲ್ಲದ 400 ಕಿಲೊ ತೂಕದ ಆಕಳಿಗೆ ಒಮ್ಮೆಲೇ 120–200 ಗ್ರಾಂ ಯೂರಿಯಾ ಹೋದರೂ ವಿಷವಾಗಬಹುದು. ನಿಮ್ಮ ಬಕೆಟ್ಟಿನ ಎರಡು ಲೀಟರ್ ನೀರಿನಲ್ಲಿ ಅಷ್ಟು ಇರುತ್ತದೆ. ಮೆಲುಕು ಚೀಲದ ಸೂಕ್ಷ್ಮಜೀವಿಗಳು ಅದನ್ನು ಬೇಗನೆ ಅಮೋನಿಯಾ ಮಾಡುತ್ತವೆ, ಚೀಲದ ಹುಳಿ ತಗ್ಗಿ ಕ್ಷಾರ ಏರುತ್ತದೆ, ಅನಿಲ ಸುಲಭವಾಗಿ ರಕ್ತಕ್ಕೆ ದಾಟುತ್ತದೆ. ಯಕೃತ್ತು ಅದನ್ನು ಮತ್ತೆ ಯೂರಿಯಾ ಮಾಡಿ ಹೊರಹಾಕುತ್ತದೆ. ಆ ಶಕ್ತಿ ಮೀರಿದಾಗ ಅಮೋನಿಯಾ ಮಿದುಳಿಗೆ ತಾಗುತ್ತದೆ. ಅರ್ಧ ಗಂಟೆ, ಒಂದು ಗಂಟೆಯೊಳಗೆ ಕಿವಿ, ಮುಖದ ಸ್ನಾಯುಗಳು ಅದುರುತ್ತವೆ, ಜೊಲ್ಲು ನೊರೆಯಾಗುತ್ತದೆ, ಹಲ್ಲು ಕಡಿಯುತ್ತದೆ, ಹೊಟ್ಟೆ ಉಬ್ಬುತ್ತದೆ, ಕಾಲು ತಡವರಿಸುತ್ತದೆ. ಶವ ಪರೀಕ್ಷೆಯಲ್ಲಿ ಮೆಲುಕು ಚೀಲ ಸೀಳಿದರೆ ಘಾಟು ಮೂಗಿಗೆ ಹೊಡೆಯುತ್ತದೆ. ಶ್ವಾಸಕೋಶ ನೀರು ತುಂಬಿ ಭಾರವಾಗಿರುತ್ತದೆ, ಹೃದಯದ ಹೊರಪೊರೆಯ ಮೇಲೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳಿರಬಹುದು. ಇದೇ ವಿಷದ ಗುರುತು ಎಂದು ಬೆರಳಿಟ್ಟು ತೋರಿಸುವಂಥ ಗಾಯ ಮಾತ್ರ ಯಾವ ಅಂಗದಲ್ಲೂ ಸಿಗುವುದಿಲ್ಲ.

ಒಟ್ಟಿದ ಹುಲ್ಲನ್ನು ತಾಡಪತ್ರಿಯಿಂದ ಮುಚ್ಚಿ, ಅಂಚಿಗೆ ಮಣ್ಣು ಹೇರಿ 21 ದಿನ ಬಿಡಿ. ಯೂರಿಯಾ ಚಿಮುಕಿಸಿ ಅಂದೇ ತಿನ್ನಿಸುವ ಅಡ್ಡದಾರಿ ಹೇಳುವವರ ಮಾತು ಕೇಳಬೇಡಿ, ಅದು ದನ ಕೊಲ್ಲುವ ದಾರಿ. ಕಬ್ಬಿನ ಸೋಗೆಯಂಥ ಸಿಹಿ, ಹಸಿ ಮೇವಿಗೆ ಈ ಉಪಚಾರ ಸಲ್ಲದು.

ತೆಗೆದ ಹುಲ್ಲನ್ನು ಒಂದು ಗಂಟೆ ಹರವಿದರೆ ಸಾಕು ಎನ್ನುತ್ತಾರೆ. ನಾನು ಎರಡು ಗಂಟೆ ಬಿಡಿಸುತ್ತೇನೆ. ಹಿಡಿಯಷ್ಟನ್ನು ಮುಖದ ಹತ್ತಿರ ತನ್ನಿ, ಕಣ್ಣು ಉರಿದರೆ ಇನ್ನೂ ಕಾಯಿರಿ. ಸ್ವಲ್ಪದಿಂದ ಶುರು ಮಾಡಿ ವಾರದಲ್ಲಿ ಹೆಚ್ಚಿಸಿ. ಆರು ತಿಂಗಳೊಳಗಿನ ಕರುವಿಗೆ ಕೊಡಬೇಡಿ. ಹಸಿದು ನಿಂತ ದನಕ್ಕೆ ಮೊದಲು ಬೇರೆ ಮೇವು ಹಾಕಿ.

ಹುಲ್ಲು ಒಟ್ಟುವ ದಿನವೇ ಆರು ಲೀಟರ್ ಬಿಳಿ ವಿನೆಗರ್ ತಂದು ಕೊಟ್ಟಿಗೆಯಲ್ಲಿಡಿ. ನಡುಕ ಕಂಡೊಡನೆ ಪಶುವೈದ್ಯ ಸಹಾಯವಾಣಿ 1962ಕ್ಕೆ ಕರೆ ಮಾಡಿ. ಆಕಳು ನಿಂತಿದ್ದು ನುಂಗುತ್ತಿದ್ದರೆ, ವೈದ್ಯರು ಬರುವವರೆಗೆ ಎರಡು ಲೀಟರ್ ವಿನೆಗರನ್ನು ಸಾಕಷ್ಟು ತಣ್ಣೀರಿನೊಂದಿಗೆ ನಿಧಾನವಾಗಿ ಕುಡಿಸಿ: ಹುಳಿ ಅಮೋನಿಯಾವನ್ನು ಹಿಡಿದಿಡುತ್ತದೆ, ತಂಪು ಅದರ ಉತ್ಪತ್ತಿಯನ್ನು ತಗ್ಗಿಸುತ್ತದೆ. ಬಿದ್ದು ಸೆಟೆದುಕೊಂಡ ಆಕಳ ಬಾಯಿಗೆ ಮಾತ್ರ ಏನನ್ನೂ ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಥ ಆಕಳಿಗೆ ವೈದ್ಯರೇ ಹೊಟ್ಟೆಗೆ ನಳಿಕೆ ಇಳಿಸಿ ಕೊಡಬೇಕು.