‘ಈಸ್’ಗೆ ಕೆಂಪು ಟೋಪಿ ಹಾಕಿದ ಮೇಲೆ

ನಮ್ಮದು ಯಾದಗಿರಿ ಜಿಲ್ಲೆಯಲ್ಲಿ, ತೆಲಂಗಾಣ ಗಡಿಗೆ ಹತ್ತಿರದ ಗುರುಮಠಕಲ್ ಕಡೆಯ ಶಾಲೆ. ನನ್ನ ನಾಲ್ಕನೇ ತರಗತಿಯವರು ಈಗ ‘ದಿಸ್ ಈಸ್ ಮೈ ಬ್ಯಾಗ್’ ಅಂತ ತಡವರಿಸದೆ ಹೇಳುತ್ತಾರೆ. ಇಷ್ಟಕ್ಕೇ ಜಂಬವಾ ಅಂತೀರಾ? ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವರಿಗೆ ಗೊತ್ತು, ಆ ‘ಈಸ್’ ಎಷ್ಟು ಗೋಳು ಹೊಯ್ದುಕೊಳ್ಳುತ್ತದೆ ಅಂತ.

ಮೊದಲು ದುಡ್ಡು ಹೋದ ಕಥೆ. ಕಲಬುರಗಿ ಸೂಪರ್ ಮಾರ್ಕೆಟ್‌ನಿಂದ ಲ್ಯಾಮಿನೇಟ್ ಮಾಡಿದ ಚಿತ್ರದ ಕಾರ್ಡು ತಂದೆ. ಸಾವಿರದ ಇನ್ನೂರರ ಹತ್ತಿರ ಹೋಯ್ತು. ತೆಗೆದು ನೋಡಿದರೆ ನಮ್ಮ ಮಕ್ಕಳು ಕಂಡೇ ಇರದ ಇಗ್ಲೂ, ಯಾಕ್ ಎಮ್ಮೆ, ಕ್ಸೈಲೋಫೋನ್! ಆಮೇಲೆ ಸ್ಪೀಕರ್, ಎಂಟುನೂರೋ ಒಂಬೈನೂರೋ. ರೈಮ್ಸ್ ಬಾಯಿಪಾಠ ಆಯ್ತು, ಕುಣಿದದ್ದೂ ಆಯ್ತು. ಅದರಲ್ಲಿ ಒಂದು ಪದ ಬಿಡಿಸಿ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿದರು. ದಿನಕ್ಕೆ ಐದು ಪದ ಬೋರ್ಡಿಗೆ ಬರೆಸಿದ್ದೂ ಅಷ್ಟೇ. ಸೋಮವಾರದ್ದು ಗುರುವಾರಕ್ಕೆ ಮಾಯ.

ಕೆಲಸಕ್ಕೆ ಬಂದದ್ದು ಪುಕ್ಕಟೆ ಸಾಮಾನು, ಹಳೆಯ ಲಗ್ನಪತ್ರಿಕೆ. ಹಿಂಬದಿಗೆ ದಪ್ಪಗೆ ಒಂದು ಪದ, ಒಂದು ಪದಕ್ಕೆ ಒಂದು ಮಗು, ಎಲ್ಲರೂ ಕೈ ಹಿಡಿದು ಸಾಲು. ‘ಈಸ್’ ಆದವನಿಗೆ ಕೆಂಪು ಟೋಪಿ. ಸಂತೆಯಲ್ಲಿ ಮೂವತ್ತು ರೂಪಾಯಿ. ಅವನು ಬರದಿದ್ದರೆ ಸಾಲು ಕೂಡುವುದಿಲ್ಲ, ಉಳಿದವರೇ ಕೂಗಿ ಕರೆಯುತ್ತಾರೆ. ಪ್ರಶ್ನೆ ಆಗಬೇಕಾದರೆ ಟೋಪಿ ಸಾಲಿನ ತಲೆಗೆ ಓಡಬೇಕು. ಇನ್ನು ಕ್ರಿಯಾಪದ. ‘ಐ ರೊಟ್ಟಿ ಈಟ್’ ಅಂತ ಕನ್ನಡದ ಹಾಗೇ ನಿಲ್ಲಿಸುತ್ತೇನೆ. ಸೀಟಿ ಊದಿದ ಕೂಡಲೇ ‘ಈಟ್’ ನಡುವೆ ನುಗ್ಗಬೇಕು. ವ್ಯಾಕರಣ ಅನ್ನುವ ಮಾತನ್ನೇ ಎತ್ತಲಿಲ್ಲ. ‘ಎ’, ‘ದಿ’ಗೆ ಮಾಡಿದ ಉಪಾಯ ಬೇರೆ ಇದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

‘ಇದೇನು ಪಿಟಿ ಪಿರಿಯಡ್ಡಾ?’ ಅಂತ ಜೊತೆಯ ಮೇಷ್ಟ್ರು ನಕ್ಕಿದ್ದರು. ದೀಪಾವಳಿ ಹೊತ್ತಿಗೆ ಮೂವತ್ತು ಚಿಲ್ಲರೆ ಮಕ್ಕಳಲ್ಲಿ ಇಪ್ಪತ್ತರ ಮೇಲೆ ‘ಈಸ್’ ಬಿಡದೆ ಮಾತಾಡುತ್ತಿದ್ದರು. ಈಗ ಆ ಮೇಷ್ಟ್ರೇ ಲಗ್ನಪತ್ರಿಕೆ ಕೂಡಿಡುತ್ತಿದ್ದಾರೆ.

ನಡುವೆ ಒಂದು ತಮಾಷೆ ಕಂಡಿತು. ಮನೆಯಲ್ಲಿ ಉರ್ದು ಆಡುವ ಮಕ್ಕಳು ‘ಈಸ್’ ಮರೆಯುವುದು ಕಡಿಮೆ. ಅವರ ‘ಯೇ ಕಿತಾಬ್ ಹೈ’ಯಲ್ಲಿ ಕೊನೆಗೆ ‘ಹೈ’ ಇದೆ ಅಲ್ವಾ? ಕನ್ನಡದವರಿಗೆ, ಗಡಿಯ ತೆಲುಗಿನವರಿಗೆ ‘ಇದು ಪುಸ್ತಕ’, ‘ಇದಿ ಪುಸ್ತಕಂ’ ಅಂದರೆ ಸಾಕು. ಹಾಗಾಗಿ ಪ್ರತಿ ಸಾಲಿಗೂ ಉರ್ದು ಮಾತಿನ ಒಂದು ಮಗುವನ್ನು ಸೇರಿಸಿದೆ. ತಿದ್ದುವ ಕೆಲಸ ಅರ್ಧ ಅವರೇ ಮಾಡಿದರು.

ಪದಗಳಿಗೆ ಪುಸ್ತಕ ಹುಡುಕಲಿಲ್ಲ. ಚಾರ್ಜರ್, ಟ್ರ್ಯಾಕ್ಟರ್, ರೀಚಾರ್ಜ್, ಸಿಮೆಂಟ್, ಲಿಫ್ಟ್. ಅಪ್ಪ ಅಮ್ಮ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಇವು ದಿನಬಳಕೆ ಮಾತು. ಬರೆಸುತ್ತಾ ಹೋದರೆ ನೂರೈವತ್ತು ದಾಟಿತು. ಓದಲು ಬರದ ಪದ ಬೇಕಾದಷ್ಟು, ಗೊತ್ತಿಲ್ಲದ್ದು ಒಂದೂ ಇಲ್ಲ.

ತೊಗರಿ ರಾಶಿ ಶುರುವಾದರೆ ಅರ್ಧ ತರಗತಿ ಖಾಲಿ. ಆಗ ಒಂದೇ ಮಗು ಎರಡು ಪದ ಹಿಡಿಯುತ್ತದೆ, ನಡೆಯುತ್ತದೆ.

ನಡೆಯದ್ದು ‘ಡಸ್’. ‘ಶಿ ಈಟ್ಸ್’ ಪ್ರಶ್ನೆ ಆದರೆ ‘ಡಸ್ ಶಿ ಈಟ್’, ಬಾಲದ ‘ಎಸ್’ ಬಿಡಬೇಕು. ನೀಲಿ ಟೋಪಿ ಕೊಟ್ಟು, ‘ಈಟ್ಸ್’ನ ಬಾಲದ ‘ಎಸ್’ ಚೀಟಿ ಕಿತ್ತುಕೊಂಡು ಓಡು ಅಂದೆ. ಕಿತ್ತಾಟ ಚೆನ್ನಾಗಿ ಕಲಿತರು, ವಾಕ್ಯ ಕಲಿಯಲಿಲ್ಲ. ಅದು ಜೂನ್‌ಗೆ.